ಹನ್ನೊಂದಕ್ಕೆ ಹನ್ನೊಂದು

ಬ್ಯಾನರಿನಲ್ಲಿ ಮೈಲಾರಪ್ಪನ ತಲೆಯನ್ನು ಯಾರದೋ ಮೈಗೆ ಅಂಟಿಸಿದ್ದರು. ಮೈ ಯಾವನೋ ಪೈಲಟ್‌ನದು: ಹಸಿರು ಸೂಟು, ಎದೆಗೆ ಅಡ್ಡಡ್ಡ ಪಟ್ಟಿ, ಕಂಕುಳಲ್ಲಿ ಹೆಲ್ಮೆಟ್ಟು, ಇದ್ದೂ ಇಲ್ಲದಂಥ ಸೊಂಟ. ತಲೆ ಆಧಾರ್ ಕಾರ್ಡಿನದು: ಐವತ್ತೆರಡರ ಜೋಲು ಗಲ್ಲ, ಬಣ್ಣ ಹಚ್ಚಿದ ಮೀಸೆ, ಆಗತಾನೆ ಸಿಕ್ಕಿಬಿದ್ದವನಂಥ ಕಣ್ಣು. ಕುತ್ತಿಗೆಯ ಹತ್ತಿರ ಎರಡೂ ಕೂಡಿರಲಿಲ್ಲ. ಬೆಸುಗೆ ಬಿಟ್ಟ ಕೊಡದ ಹಾಗೆ ಬಿಳಿ ಗೆರೆಯೊಂದು ಕಾಣುತ್ತಿತ್ತು. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ವಿಮಾನದ ಮೈಕಟ್ಟಿನ ದುರಸ್ತಿ ನೋಡಿಕೊಂಡಿದ್ದವನ ಕಣ್ಣಿಗೆ ಮೊದಲು ಬಿದ್ದದ್ದು ಆ ಸಂದಿಯೇ. ಕೆಳಗೆ ‘ಯುದ್ಧ ವಿಮಾನ ಚಾಲಕ, ಗಗನವೀರ’ ಎಂದು ಬರೆದಿತ್ತು. ಗಗನವೀರ ಜೀವಮಾನದಲ್ಲಿ ಹಾರಿದ್ದು ಒಮ್ಮೆ, ಸಾಮಾನು ಸಾಗಿಸುವ ವಿಮಾನದಲ್ಲಿ, ಕಂಬಳಿ ಗಂಟುಗಳ ನಡುವೆ ಕೂತು, ದಾರಿಯುದ್ದಕ್ಕೂ ಕಾರಿಕೊಳ್ಳುತ್ತ. ಇದನ್ನು ಕಾರ್ಯಕ್ರಮಕ್ಕೆ ಕರೆದ ಕಾಲೇಜಿನ ಪ್ರಾಚಾರ್ಯನಿಗೆ ಫೋನಿನಲ್ಲಿ ಹೇಳಿದ್ದ. ‘ನಾ ಪೈಲಟ್ ಏನಲ್ರೀ’ ಎಂದಿದ್ದ. ಆದರೆ ಹೇಳಿದ ಧಾಟಿ ಹೇಗಿತ್ತೆಂದರೆ, ಮದುಮಗನ ಅಪ್ಪ ‘ನಮಗೇನೂ ಬ್ಯಾಡ್ರಿ’ ಎನ್ನುತ್ತಾನಲ್ಲ, ಹಾಗಿತ್ತು. ಪ್ರಾಚಾರ್ಯ ಅದನ್ನು ಹೇಗೆ ತಿಳಿಯಬೇಕೋ ಹಾಗೆಯೇ ತಿಳಿದುಕೊಂಡಿದ್ದ. ಮುಂಡರಗಿಯ ಬಿಸಿಲು ಹನ್ನೊಂದು ಗಂಟೆಗೇ ಬ್ಯಾನರನ್ನು ಉಬ್ಬಿಸಿತ್ತು; ಗಾಳಿ ಬಂದಾಗಲೆಲ್ಲ ಆ ಪರದೇಸಿ ಸೊಂಟ ಬಳುಕುತ್ತಿತ್ತು. ಗದಗಿನಿಂದ ಬಸ್ಸಿನಲ್ಲಿ ಬರುವಾಗ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಕೈ ಬೀಸಿ ಬೀಸಿ ವಾಪಸ್ ಹೋಗು ಎಂದಂತೆ ಅನಿಸಿತ್ತು. ಅವುಗಳಿಗೇನು, ಯಾರು ಬಂದರೂ ಹಾಗೇ ಬೀಸುತ್ತವೆ.

‘ಬರ್ರಿ ಸರ್, ಬರ್ರಿ! ಭೂಮಿಗೆ ಇಳದ್ರಿ!’ ಎಂದು ಪ್ರಾಚಾರ್ಯ ಎರಡೂ ಕೈ ಚಾಚಿ ಬಂದ. ಪ್ರತಿ ಮಾತಿನ ಕೊನೆಗೆ ಚಪ್ಪಾಳೆಗೆ ಜಾಗ ಬಿಡುವ ಮನುಷ್ಯ. ಎದುರಿಗೆ ಒಬ್ಬನೇ ಇದ್ದರೂ ಬಿಡುತ್ತಿದ್ದ. ಆ ಬಿಡುವನ್ನು, ಆ ಗಂಟಲು ಸರಿಮಾಡಿಕೊಳ್ಳುವುದನ್ನು, ಮೈಲಾರಪ್ಪ ತನಗರಿವಿಲ್ಲದೆ ಒಳಗೇ ಅನುಕರಿಸಿ ನೋಡಿದ. ಸಂಜೆ ತನ್ನೂರು ಬೆಟಗೇರಿಯ ಚಹಾದಂಗಡಿಯಲ್ಲಿ ಮಾಡಿ ತೋರಿಸಲು ಒಂದು ಸಿಕ್ಕಿತು. ಇನ್ನೊಬ್ಬರ ದನಿ ಅವನಿಗೆ ಬೇಗ ಹತ್ತುತ್ತಿತ್ತು. ವಿಜ್ಞಾನ ದಿನಕ್ಕೆ ಕಾಲೇಜಿನ ಮುಂದೆ ಯುದ್ಧ ವಿಮಾನದ ಪ್ರತಿಕೃತಿ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಟಿವಿಯಲ್ಲಿ ವಿಮಾನಗಳು ಹಾರಿದ್ದೇ ಹಾರಿದ್ದು, ಕಾಲೇಜಿಗೂ ಒಂದು ಬೇಕೆನಿಸಿತ್ತು. ಸಿಮೆಂಟಿನ ಕಟ್ಟೆಯ ಮೇಲೆ, ಶಾಮಿಯಾನದ ಬಟ್ಟೆ ಹೊದ್ದು, ಹದಿನಾಲ್ಕು ಅಡಿ ಉದ್ದದ ತಗಡಿನ ವಿಮಾನ ನಿಂತಿತ್ತು. ಪಕ್ಕದಲ್ಲಿ ಅದನ್ನು ಮಾಡಿದ ಅಯ್ಯೂಬ, ಇಸ್ತ್ರಿಯ ಬಿಳಿ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು, ಫೋಟೋಕ್ಕೆ ನಿಂತವನಂತೆ ನಿಂತಿದ್ದ. ಊರಿನಲ್ಲಿ ಅವನ ತಗಡಿನಂಗಡಿ. ಮಳೆಗಾಲಕ್ಕೆ ಕಾಳಿನ ಕಣಜ, ಬೇಸಿಗೆಗೆ ಕೂಲರಿನ ಡಬ್ಬಿ. ಅಚ್ಚು ಹಾಕಿಸಿದ ಆಮಂತ್ರಣದಲ್ಲಿ ‘ಶಿಲ್ಪಿ ಅಯ್ಯೂಬ ಅವರಿಗೆ ಸನ್ಮಾನ’ ಎಂದು ಒಂದು ಸಾಲಿತ್ತು. ಮೂವತ್ತು ವರ್ಷ ‘ಏ ತಗಡಿನಾವ’ ಎಂದು ಕೂಗಿಸಿಕೊಂಡವನಿಗೆ ಆ ಸಾಲು ಬಂದಿತ್ತು. ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಮಗಳು ಕೈನಾತ ಮುಂದಿನ ಸಾಲಿನಲ್ಲಿ ಕುಳಿತು ಅಪ್ಪನ ಅಂಗಿಯ ಕಾಲರನ್ನು ದೂರದಿಂದಲೇ ಕಣ್ಣಲ್ಲಿ ಸರಿಮಾಡುತ್ತಿದ್ದಳು. ‘ನಮಸ್ಕಾರ್ರಿ ಸಾಹೇಬ್ರ’ ಎಂದ ಅಯ್ಯೂಬ. ‘ನೀವು ಹೇಳ್ದಂಗ ಮಾಡೀನ್ರಿ. ನೀರು ತುಂಬಿದ್ರೂ ಒಂದು ಹನಿ ಸೋರಂಗಿಲ್ಲ.’ ವಿಮಾನಕ್ಕೆ ಯಾವ ಮೂರ್ಖ ನೀರು ತುಂಬುತ್ತಾನೆ ಎಂದು ಮೈಲಾರಪ್ಪ ಮನಸ್ಸಿನಲ್ಲೇ ನಕ್ಕು, ಬಾಯಲ್ಲಿ ‘ಭಾರಿ, ಭಾರಿ’ ಎಂದ.

ಬಟ್ಟೆ ಎಳೆದರು. ಚಪ್ಪಾಳೆ ಬಿತ್ತು, ಫೋನುಗಳು ಎದ್ದವು. ಮೊದಲ ಗಳಿಗೆಯಲ್ಲಿ ಅವನ ಎದೆ ನಿಜಕ್ಕೂ ಹಾರಿತು. ರೆಕ್ಕೆಯ ಕೋನ, ಬಾಲದ ವಾರೆ, ಬೆನ್ನಿನ ಉಬ್ಬು, ಸಾಲು ಹಿಡಿದ ರಿವೆಟ್ಟುಗಳು; ಕೂಲರಿನ ಡಬ್ಬಿ ಬಡಿಯುವ ಕೈ ಇದೆಲ್ಲವನ್ನೂ ಮಾಡಿತ್ತು. ಎರಡನೆಯ ಗಳಿಗೆಯಲ್ಲಿ ವಿಮಾನದ ಎರಡೂ ಬಾಯಿ ಕಂಡವು. ಮುಚ್ಚಿದ್ದವು. ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಎರಡು ಪಕ್ಕದ ಬಾಯಿಗಳಿಗೂ ಕೆಂಪು ಬಣ್ಣದ ತಗಡು ಹೊಂದಿಸಿ, ಸುತ್ತ ಬೆಸುಗೆ ಹಾಕಿ, ಒಂದು ಹನಿ ಸೋರದ ಹಾಗೆ ಮುಚ್ಚಲಾಗಿತ್ತು. ಬೆನ್ನಿನ ಮೇಲಿನ ಸಣ್ಣ ಬಾಯಿಯೂ ಅಷ್ಟೇ. ನಿಜವಾದ ವಿಮಾನಕ್ಕಿರುವ ಹನ್ನೊಂದು ಮುಚ್ಚಳಗಳಲ್ಲಿ, ಮಾದರಿಗೆ ಕೊಟ್ಟ ಫೋಟೋದಲ್ಲಿ ಕಂಡ ಮೂರನ್ನೂ ಅಯ್ಯೂಬ ಬಿಡದೆ ಮಾಡಿದ್ದ. ಅದಕ್ಕಿಂತ ಹೆಚ್ಚು, ಪ್ರತಿ ಮುಚ್ಚಳದಿಂದ ಜೋತಾಡುವ ಕೆಂಪು ಪಟ್ಟಿಯನ್ನೂ ತಗಡಿನಲ್ಲೇ ಕತ್ತರಿಸಿ, ಗಾಳಿಗೆ ಹಾರಿದಂತೆ ಬಾಗಿಸಿದ್ದ. ಅದರ ಮೇಲೆ ‘ಹಾರುವ ಮೊದಲು ತೆಗೆಯಿರಿ’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಪೇಂಟರ್ ಒಂದೂ ತಪ್ಪಿಲ್ಲದೆ ಬರೆದಿದ್ದ. ಇಡೀ ಕಾಲೇಜು ಅದನ್ನು ಓದಿತು. ಪದವಿ ಪಡೆದವರೂ ಓದಿದರು, ಪದವಿ ಕೊಡುವವರೂ ಓದಿದರು, ಚಪ್ಪಾಳೆ ಹೊಡೆದರು. ಆ ಫೋಟೋ ಕೊಟ್ಟವನು ಮೈಲಾರಪ್ಪನೇ. ನೆಲದ ಮೇಲೆ ಕೆಲಸ ಮಾಡುವವರು ಫೋಟೋ ತೆಗೆಸಿಕೊಳ್ಳುವುದು ನಿಂತ ವಿಮಾನದ ಮುಂದೆ ಮಾತ್ರ, ನಿಂತ ವಿಮಾನದ ಬಾಯಿಗೆ ಮುಚ್ಚಳವಿರುತ್ತದೆ. ಹಕ್ಕಿ, ಧೂಳು, ನಟ್ಟು ಬೋಲ್ಟು ಒಳಗೆ ಹೋಗದಿರಲಿ ಎಂದು. ಅದು ಗೊತ್ತಿಲ್ಲದವನು ಅಯ್ಯೂಬ. ಗೊತ್ತಿದ್ದವನು ತಾನು.

ಮೂರು ವಾರದ ಹಿಂದೆ ಕೈನಾತ ಬಸ್ಸು ಹಿಡಿದು ಬೆಟಗೇರಿಗೆ ಬಂದಿದ್ದಳು. ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಅಪ್ಪ ಬರೆದ ನಕ್ಷೆ ಮತ್ತು ಆ ಫೋಟೋ. ಅವನು ಟಿವಿ ನೋಡುತ್ತಿದ್ದ. ಮೀಸೆಯವರು ನಾಲ್ವರು ಆಟಿಕೆಯ ವಿಮಾನಗಳನ್ನು ಮೇಜಿನ ಮೇಲೆ ಸರಿಸುತ್ತ ಕೂಗಾಡುತ್ತಿದ್ದರು, ಅವರ ಮೇಲೆ ಇವನು ಕೂಗಾಡುತ್ತಿದ್ದ. ‘ಸರ್ರ, ಅಬ್ಬಾ ಕೇಳ್ಯಾರ್ರಿ. ಈ ಕೆಂಪನ್ನೂವು ವಿಮಾನದ ಭಾಗ ಏನ್ರಿ, ಮುಚ್ಚಳ ಏನ್ರಿ? ತೆಗೀರಿ ಅಂತ ಬರದೈತಿ. ಕೂಲರಿಗಾದ್ರೂ ಮೂರು ಕಡೆ ಗಾಳಿ ಬಿಡತೀವಿ, ಇದಕ್ಕ ಬಾಯಿ ಬ್ಯಾಡೇನು ಅಂತಾರ್ರಿ.’ ಕೂಲರ್! ಹುಡುಗಿ ಯುದ್ಧ ವಿಮಾನವನ್ನು ಲಾವಂಚದ ಹುಲ್ಲು ತುಂಬಿದ ಡಬ್ಬಿಗೆ ಹೋಲಿಸಿದ್ದು ಕೇಳಿ ಅವನಿಗೆ ಮೈ ಉರಿದಿತ್ತು. ಉರಿದದ್ದಕ್ಕೆ ಕಾರಣ ಅವಮಾನವಲ್ಲ. ಇಪ್ಪತ್ತು ವರ್ಷ ತಾನು ವಿಮಾನಗಳಲ್ಲಿ ನೋಡಿಕೊಂಡದ್ದೂ ಸರಿಯಾಗಿ ಅದೇ ತಂಪುಗಾಳಿಯ ಕೆಲಸ ಎಂದು ಯಾರಿಗೂ ತಿಳಿಯದಿರಲಿ ಎಂಬ ಹೆದರಿಕೆ. ‘ಫೋಟೋ ಯಾರದವಾ? ನಂದು. ಹೆಂಗೈತಿ ಹಂಗ ಮಾಡಾಕ ಹೇಳು ನಿಮ್ಮಪ್ಪಗ. ಸೈನ್ಯದ ವಿಷಯದಾಗ ಹೆಚ್ಚಿಗಿ ಕೇಳಬಾರದು’ ಎಂದಿದ್ದ. ನಕ್ಷೆಯ ಕೆಳಗೆ ಅವಳೇ ಆ ಪ್ರಶ್ನೆಯನ್ನು ಬರೆದು ತಂದಿದ್ದಳು, ಉತ್ತರಕ್ಕೆ ಎರಡು ಗೆರೆ ಜಾಗ ಬಿಟ್ಟು. ಅವನು ಟಿವಿಯಿಂದ ಕಣ್ಣು ಕೀಳದೆ ಆ ಎರಡು ಗೆರೆಯ ಮೇಲೆ ‘ಸರಿ ಇದೆ’ ಎಂದು ಗೀಚಿ, ಸಹಿ ಹಾಕಿ, ತಾರೀಖು ಬರೆದಿದ್ದ. ತಾರೀಖು ಬರೆಯುವುದನ್ನು ಮಾತ್ರ ವಾಯುಪಡೆ ಅವನಿಗೆ ಚೆನ್ನಾಗಿ ಕಲಿಸಿತ್ತು.

‘ಸರ್, ಒಂದು ಮಿನಿಟ್’ ಎಂದು ಯಾರೋ ಮೊಣಕೈ ಮುಟ್ಟಿದರು. ಲೋಹಿತ, ಭೌತಶಾಸ್ತ್ರದ ಅತಿಥಿ ಉಪನ್ಯಾಸಕ, ಫೋನಿನಲ್ಲಿ ಅದೇ ಜಾತಿಯ ವಿಮಾನದ ಚಿತ್ರ ತೆರೆದು ನಗು ತಡೆಯಲಾರದೆ ನಿಂತಿದ್ದ. ‘ಇದರ ಬಾಯಿ ಬಂದ್ ಅದಾವಲ್ರಿ! ಮುಚ್ಚಳ ಸುದ್ದಾ ಬೆಸುಗಿ ಹಾಕ್ಯಾರ!’ ಪ್ರಾಚಾರ್ಯ ಫೋನು ನೋಡಿದ, ವಿಮಾನ ನೋಡಿದ, ಮತ್ತೆ ಫೋನು ನೋಡಿದ. ಮುಖದ ಬಣ್ಣ ಮುಚ್ಚಳದ ಬಣ್ಣಕ್ಕೆ ಬಂತು. ‘ಏನ್ ಅಯ್ಯೂಬ! ವಿಮಾನ ಮಾಡಂದ್ರ ಡಬ್ಬಿ ಮಾಡಿಟ್ಟೀಯಲ್ಲೋ! ಎಮ್ಮೆಲ್ಲೆ ಸಾಹೇಬ್ರು ಮುಂದಿನ ವಾರ ನೋಡಾಕ ಬರ್ತಾರ, ಏನ್ ಹೇಳ್ಲಿ? ತಗಡು ಬಡಿಯಾವಗ ತಾಂತ್ರಿಕ ಏನ್ ತಿಳೀತೈತಿ!’ ಕೊನೆಯ ಮಾತಿನ ನಂತರ ಜಾಗ ಬಿಟ್ಟ. ಸುತ್ತಲಿನ ಮೂರು ಜನ ನಕ್ಕು ಅದನ್ನು ತುಂಬಿದರು. ಅಯ್ಯೂಬನ ಬಲಗೈ ನಿಧಾನ ಎದೆಯ ಕಿಸೆಗೆ ಹೋಯಿತು. ಬಿಳಿ ಅಂಗಿಯ ಒಳಗಿಂದ ನಾಲ್ಕು ಮಡಿಕೆಯ ಕಾಗದದ ಅಂಚು ಕಾಣುತ್ತಿತ್ತು. ನಕ್ಷೆಯ ಬೆನ್ನಿಗೆ ಹತ್ತಿದ್ದ ಹಸಿರು ಬಣ್ಣದ ಕಲೆಯಿಂದ ಮೈಲಾರಪ್ಪ ಗುರುತು ಹಿಡಿದ. ಕೈ ಕಿಸೆಯ ಮೇಲೆ ನಿಂತು, ಕಣ್ಣು ಮೈಲಾರಪ್ಪನ ಮೇಲೆ ನಿಂತಿತು. ನೀವೇ ಹೇಳ್ತೀರೋ, ನಾ ತೆಗೀಲೋ ಎಂಬಂತೆ. ಇಲ್ಲ, ಅಷ್ಟು ಗಡುಸಿಲ್ಲ, ನೀವೇ ಹೇಳ್ತೀರಲ್ಲ ಎಂಬ ನಂಬಿಕೆ. ‘ನಾ ಹೇಳಿದ್ದೆ’ ಎಂದ ಮೈಲಾರಪ್ಪ. ಅವನ ಬಾಯಿಂದಲೇ ಬಂತು. ‘ಎಷ್ಟಂತ ಹೇಳೂದ್ರಿ ಇವ್ರಿಗೆ.’ ಅಯ್ಯೂಬನ ಕೈ ಕಿಸೆಯಿಂದ ಕೆಳಗಿಳಿಯಿತು. ‘ಹೌದ್ರಿ’ ಎಂದ, ಪ್ರಾಚಾರ್ಯನ ಕಡೆ ತಿರುಗಿ. ‘ನನ್ನ ತಪ್ಪ ಐತ್ರಿ.’ ಪ್ರಾಚಾರ್ಯ ಕಾರ್ಯಕ್ರಮದ ಪಟ್ಟಿ ತೆಗೆದು ಪೆನ್ನಿನಿಂದ ಒಂದು ಸಾಲು ಹೊಡೆದುಹಾಕಿದ. ವೇದಿಕೆಯ ಮೇಜಿನ ಮೇಲೆ ಎರಡು ಶಾಲುಗಳಿದ್ದವು. ಯಾರೋ ಒಂದನ್ನು ಎತ್ತಿ ಮೇಜಿನ ಕೆಳಗಿಟ್ಟರು.

ನಾ ಹೇಳಿದ್ದೆ. ಆವತ್ತು ‘ಅವ ಹೇಳಿದ್ದ’. ವಾಯುಪಡೆಯಲ್ಲಿದ್ದಾಗ, ಮರಳುಗಾಡಿನ ಒಂದು ನೆಲೆಯಲ್ಲಿ, ಬೆಳಗಿನ ಏಳಕ್ಕೇ ಕಾಂಕ್ರೀಟು ಕಾಲು ಸುಡುತ್ತಿತ್ತು. ವಿಮಾನ ಹೊರಡುವ ಮೊದಲು ಹನ್ನೊಂದು ಕೆಂಪು ಮುಚ್ಚಳ ತೆಗೆದು, ಒಂದರ ಮೇಲೊಂದು ಪೇರಿಸಿ, ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ, ಬಾಯಿಬಿಟ್ಟು ಎಣಿಸಿ, ಆಮೇಲೆ ಸಹಿ ಹಾಕಬೇಕು. ಮುಚ್ಚಳ ತೆಗೆಯುವವನು ಸುರಪುರ ಕಡೆಯ ಮೌನೇಶ, ಎಣಿಸಿ ಸಹಿ ಹಾಕುವವನು ಇವನು. ಚಹಾ ಬಂದಿತ್ತು. ಇವನು ಫ್ಲೈಟ್ ಕಮಾಂಡರನ ನಡಿಗೆ ಮಾಡಿ ತೋರಿಸುತ್ತಿದ್ದ, ಆ ಮೂಗಿನ ಹಿಂದಿ, ಆ ಪ್ಯಾಂಟು ಮೇಲೆಳೆದುಕೊಳ್ಳುವುದು. ಎಂಟು ಜನ ಬಿದ್ದು ಬಿದ್ದು ನಗುತ್ತಿದ್ದರು. ನಗುವಿನ ನಡುವೆ ಸಹಿಯ ಪುಸ್ತಕ ಬಂತು, ನಗುತ್ತಲೇ ‘ಹನ್ನೊಂದಕ್ಕೆ ಹನ್ನೊಂದು’ ಎಂದು ಬರೆದ. ಪೇರಿಸಿದವು ಹತ್ತೇ ಇದ್ದವು. ಬೆನ್ನಿನ ಮೇಲಿನ ಸಣ್ಣ ಬಾಯಿ, ಒಳಗಿನ ಬಿಸಿಗಾಳಿ ತಣಿಸಲು ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿ, ಮುಚ್ಚೇ ಇತ್ತು. ವಿಮಾನ ಓಡುದಾರಿಗೆ ಹೋಗುವುದರೊಳಗೆ ಒಳಗಿನ ಯಂತ್ರಗಳು ಕಾದು ಎಚ್ಚರಿಕೆಯ ದೀಪ ಹತ್ತಿತು, ಪೈಲಟ್ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಇದನ್ನೇ ಮೈಲಾರಪ್ಪ ಇಷ್ಟು ವರ್ಷ ತನಗೆ ತಾನು ಹೇಳಿಕೊಂಡದ್ದು. ಯಾರಿಗೂ ಏನೂ ಆಗಲಿಲ್ಲ, ಮೌನೇಶನೊಬ್ಬನನ್ನು ಬಿಟ್ಟು. ವಿಚಾರಣೆಯಲ್ಲಿ ಇವನು, ‘ಅವ ಹನ್ನೊಂದು ಅಂತ ಹೇಳಿದ್ದ, ನಂಬಿ ಬರದೆ’ ಎಂದ. ಮೌನೇಶ ಹೇಳಿರಲಿಲ್ಲ. ಇನ್ನೊಂದು ಐತಿ, ಏಣಿ ತರ್ತೀನಿ ಅಂದಿದ್ದ, ನಗುವಿನಲ್ಲಿ ಇವನು ಕಿವಿಗೆ ಹಾಕಿಕೊಂಡಿರಲಿಲ್ಲ. ವಿಚಾರಣೆಯಲ್ಲಿ ಪಕ್ಕದಲ್ಲೇ ನಿಂತಿದ್ದ ಮೌನೇಶ ಒಮ್ಮೆ ಇವನ ಕಡೆ ತಿರುಗಿ ನೋಡಿದ, ಅಷ್ಟೆ. ಅವನನ್ನು ವಿಮಾನಗಳಿಂದ ಕಿತ್ತು ಉಗ್ರಾಣಕ್ಕೆ ಹಾಕಿದರು, ಕಂಬಳಿ ಎಣಿಸುವುದಕ್ಕೆ. ಆ ವಾರವೇ ಬ್ಯಾರಕ್ಕಿನಲ್ಲಿ ಮೈಲಾರಪ್ಪ ಆ ನೋಟವನ್ನೂ ಮಾಡಿ ತೋರಿಸಿದ್ದ. ‘ಹೆಸರಿಟ್ಟಾವ್ರು ಶಾಣ್ಯಾರು, ಮೌನಕ್ಕ ಈಶ ಇವ’ ಎಂದು. ಎಲ್ಲರೂ ನಕ್ಕಿದ್ದರು. ಅಷ್ಟು ಚೆನ್ನಾಗಿ ಬಂದಿತ್ತು ಆ ನೋಟ. ಈಗ ಅಯ್ಯೂಬನ ಮುಖದ ಮೇಲೆ ಅದನ್ನೇ ನೋಡಿದಾಗ, ಇದನ್ನು ಈ ತಗಡಿನವನು ಎಲ್ಲಿ ಕಲಿತ ಎಂದು ಒಂದು ಗಳಿಗೆ ಮೂರ್ಖನಂತೆ ಬೆರಗಾದ.

ಭಾಷಣಕ್ಕೆ ಕರೆದರು. ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ಕಿವಿಯವರೆಗೆ ಇಳಿಯಿತು. ಎಲ್ಲರೂ ಬಾಂಬಿನ ಕಥೆಗೆ ಕಾಯುತ್ತಿದ್ದರು. ಅವನಿಗೆ ಗೊತ್ತಿದ್ದದ್ದು ತಂಪಿನ ಕಥೆ. ‘ಸೈಕಲ್ ಪಂಪು ಹೊಡದೀರಿಲ್ಲೋ? ಪಂಪಿನ ಬುಡ ಬಿಸಿ ಆಗತೈತಿ. ಟೈರಿನ ಗಾಳಿ ಬಿಟ್ರ? ಬೆರಳಿಗೆ ತಣ್ಣಗ ಹತ್ತತೈತಿ’ ಎಂದು ಶುರು ಮಾಡಿದ, ಎರಡು ಮೂರು ಹುಡುಗರು ತಲೆ ಎತ್ತಿದರು. ಮೇಲೆ ಹಿಮದಂಥ ಚಳಿಯಲ್ಲಿ ಹಾರುವ ವಿಮಾನ ಒಳಗೊಳಗೇ ಬೇಯುತ್ತಿರುತ್ತದೆ. ರೇಡಾರಿನ ಬಿಸಿ, ಗಣಕಗಳ ಬಿಸಿ, ವೇಗಕ್ಕೆ ಚರ್ಮವೇ ಕಾಯುವ ಬಿಸಿ. ಎಂಜಿನ್ನು ಅದುಮಿದ ಸುಡುಗಾಳಿಯನ್ನೇ ಸ್ವಲ್ಪ ಕದ್ದು, ಜಾಲರಿಯಂಥ ಕೊಳವೆಗಳಲ್ಲಿ ಹಾಯಿಸಿ, ಹೊರಗಿನ ಗಾಳಿಯಿಂದ ತಣಿಸಿ, ಪುಟ್ಟ ಚಕ್ರವೊಂದನ್ನು ತಿರುಗಿಸುವ ಕೆಲಸಕ್ಕೆ ಹಚ್ಚಿದರೆ ಆ ಗಾಳಿಯೇ ಸುಸ್ತಾಗಿ ತಣ್ಣಗಾಗುತ್ತದೆ. ಅದನ್ನು ಪೈಲಟ್‌ಗೂ ಯಂತ್ರಗಳಿಗೂ ಊದುತ್ತಾರೆ. ವಿಮಾನದ ನಕ್ಷೆ ಬರೆಯುವವರು ಮೊದಲು ಚೂಪು ಮೂಗನ್ನಲ್ಲ, ಬಾಯಿಗಳನ್ನು ಬರೆಯುತ್ತಾರೆ: ಎಲ್ಲಿಂದ ಗಾಳಿ ಒಳಗೆ, ಎಲ್ಲಿಂದ ಹೊರಗೆ. ಹೇಳುತ್ತ ಹೇಳುತ್ತ ಅವನಿಗೆ ತಾನು ಯಾರನ್ನೂ ಅನುಕರಿಸುತ್ತಿಲ್ಲ ಎಂದು ತಿಳಿಯಿತು, ತಿಳಿದದ್ದೇ ತಡ ನಾಲಿಗೆ ತೊಡರಿತು. ಕಣ್ಣು ತಪ್ಪಿಸಿ ನೋಡಿದರೆ ಎದುರಿಗೇ ಬಾಯಿ ಮುಚ್ಚಿದ ವಿಮಾನ, ಅದರಾಚೆ ಬೇವಿನ ಗಿಡದ ಕೆಳಗೆ, ಎಲ್ಲರಿಗಿಂತ ಹಿಂದೆ, ಅಯ್ಯೂಬ. ‘ಪ್ರಶ್ನೆ ಇದ್ರ ಕೇಳ್ರಿ’ ಎಂದ ಪ್ರಾಚಾರ್ಯ, ಇರಬಾರದೆಂಬ ದನಿಯಲ್ಲಿ. ಕೈನಾತ ಎದ್ದು ನಿಂತಳು. ‘ಸರ್ರ, ಮೊದಲ ಬಾಯಿ ಬರೀತಾರ ಅಂದ್ರಿ. ಮತ್ತ ಈ ವಿಮಾನಕ್ಕ ಗಾಳಿ ಎಲ್ಲಿಂದ ಒಳಗ ಹೋಗತೈತ್ರಿ?’

ಮಂದಿ ಕಿಸಕ್ಕೆಂದರು. ಪ್ರಾಚಾರ್ಯ ಮೈಕಿಗೆ ಬಾಗಿ, ‘ಅದನ್ನ ನಿಮ್ಮಪ್ಪಗ ಕೇಳವಾ!’ ಎಂದು ಜಾಗ ಬಿಟ್ಟ. ಇಡೀ ಅಂಗಳ ನಕ್ಕಿತು. ಹುಡುಗಿ ಕೂಡಲಿಲ್ಲ. ಕಣ್ಣಲ್ಲಿ ನೀರೂ ಬರಲಿಲ್ಲ. ಬಂದಿದ್ದರೆ ಮೈಲಾರಪ್ಪನಿಗೆ ಸುಲಭವಿತ್ತು, ಒಂದು ಸಮಾಧಾನದ ಮಾತು ಹೇಳಿ ಇಳಿಯಬಹುದಿತ್ತು. ಅವಳು ಉತ್ತರಕ್ಕೆ ಎರಡು ಗೆರೆ ಜಾಗ ಬಿಟ್ಟು ಕಾಯುತ್ತಿದ್ದಳು, ಆವತ್ತು ಬಾಗಿಲಲ್ಲಿ ಕಾದ ಹಾಗೆ. ‘ಹೋಗಂಗಿಲ್ಲ’ ಎಂದ ಮೈಲಾರಪ್ಪ. ‘ಈ ವಿಮಾನಕ್ಕ ಗಾಳಿ ಹೋಗಂಗಿಲ್ಲ. ಅವು ಮುಚ್ಚಳ. ಅಯ್ಯೂಬ ಅವರು ಕೇಳಿದ್ರು, ಈ ಹುಡುಗಿನ್ನ ಕಳಿಸಿ ಕೇಳಿದ್ರು. ನಾ ನೋಡದೇ ಸಹಿ ಮಾಡೀನಿ. ಈಗ ನಾ ಹೇಳಿದ್ದೆ ಅಂತ ಅಂದೆನಲ್ಲ, ಅದು ಸುಳ್ಳು. ಇನ್ನೊಂದು, ನಾ ಪೈಲಟ್ ಅಲ್ಲ.’ ಬ್ಯಾನರ್ ಫಟಫಟ ಎಂದಿತು. ಆಮೇಲೆ ಪ್ರಾಚಾರ್ಯ ಮೈಕು ಕಸಿದುಕೊಂಡ. ‘ನೋಡ್ರಿ, ನೋಡ್ರಿ! ಒಬ್ಬ ಬಡ ಕೆಲಸಗಾರನ ತಪ್ಪು ತಮ್ಮ ತಲಿ ಮ್ಯಾಲೆ ತೊಗೊಂಡ್ರು! ಪೈಲಟ್ ಅಲ್ಲ ಅಂತಾರ, ಏನ್ ವಿನಯ! ಇದಕ್ಕಂತಾರ ಸೈನಿಕ!’ ಚಪ್ಪಾಳೆ ಬಿತ್ತು. ವಿಮಾನಕ್ಕೆ ಬಿದ್ದದ್ದಕ್ಕಿಂತ ಜೋರಾಗಿ, ನಿಂತುಕೊಂಡು ಹೊಡೆದರು. ಲೋಹಿತ ವಿಡಿಯೋ ಮಾಡುತ್ತ ಕಣ್ಣೊರೆಸಿಕೊಂಡ. ಮೈಲಾರಪ್ಪನಿಗೆ ಅಸಹ್ಯವಾಯಿತು, ಎಲ್ಲಕ್ಕಿಂತ ಅಸಹ್ಯವೆಂದರೆ, ಆ ಚಪ್ಪಾಳೆ ಎಲ್ಲೋ ಒಳಗೆ, ಪೇಟದ ಬುಡದಲ್ಲಿ, ಹಿತವಾಗಿ ತಣ್ಣಗೆ ತಟ್ಟಿತು. ಇಲ್ಲಿಗೆ ಬಿಟ್ಟರೆ ಸಾಕು. ನಿಜ ಹೇಳಿದ ಪುಣ್ಯವೂ ಬಂತು, ಸುಳ್ಳಿನ ಶಾಲೂ ಉಳಿಯಿತು.

ಅವನು ಮೈಕನ್ನು ಪ್ರಾಚಾರ್ಯನ ಕೈಯಿಂದ ಎತ್ತಿಕೊಂಡು, ವಾಯರು ಎಳೆದುಕೊಂಡು, ವೇದಿಕೆ ಇಳಿದು ಬೇವಿನ ಗಿಡದವರೆಗೆ ನಡೆದ. ವಾಯರು ಎರಡು ಮಾರು ಮೊದಲೇ ಮುಗಿಯಿತು. ಅಲ್ಲಿಂದಲೇ, ‘ಅಯ್ಯೂಬಣ್ಣ, ಆ ಕಾಗದ ಕೊಡು’ ಎಂದ. ‘ನಿಮಗ ಕೊಡಂಗಿಲ್ರಿ’ ಎಂದ ಅಯ್ಯೂಬ. ‘ಕೊಟ್ರ ಮತ್ತ ನೀವ ದೊಡ್ಡಾವ್ರಾಗ್ತೀರಿ. ಬರದಾಕಿ ಅಕಿ, ಅಕಿಗೆ ಕೊಡ್ತೀನಿ.’ ಕಿಸೆಯಿಂದ ಕಾಗದ ತೆಗೆದು ಮಗಳನ್ನು ಕರೆದ. ಕೈನಾತ ಬಂದು ಮಡಿಕೆ ಬಿಚ್ಚಿದಳು, ಮೈಕಿಗೆ ಬಾಯಿ ಹತ್ತಿರ ತಂದು ಪರೀಕ್ಷೆಯ ಕೊಠಡಿಯಲ್ಲಿ ಓದಿದಂತೆ ಓದಿದಳು: ‘ಪ್ರಶ್ನೆ. ಕೆಂಪು ಭಾಗಗಳನ್ನು ಮುಚ್ಚಿರಬೇಕೋ, ತೆರೆದಿರಬೇಕೋ? ಉತ್ತರ. ಸರಿ ಇದೆ. ಸಹಿ, ಮೈಲಾರಪ್ಪ. ಫೆಬ್ರವರಿ ಏಳು.’ ಯಾರೋ ಒಬ್ಬ ಹುಡುಗ ಫಕ್ಕನೆ ನಕ್ಕ. ‘ಮುಚ್ಚಿರಬೇಕೋ ತೆರೆದಿರಬೇಕೋ ಅಂದ್ರ, ಸರಿ ಐತಿ ಅಂತ!’ ಮತ್ತೊಬ್ಬ ನಕ್ಕ, ಮತ್ತೂ ಹತ್ತು ಜನ. ಈ ಸಲ ಪ್ರಾಚಾರ್ಯ ಜಾಗ ಬಿಟ್ಟಿರಲಿಲ್ಲ. ನಗು ಯಾರ ಮೇಲೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮೈಲಾರಪ್ಪ ಪೇಟ ತೆಗೆದು ಹತ್ತಿರದ ಕುರ್ಚಿಯ ಮೇಲಿಟ್ಟ. ‘ಮೈಕ್ ಬಂದ್ ಮಾಡ್ರೋ, ನಾಷ್ಟಾ ತಯಾರೈತಿ’ ಎಂದು ಪ್ರಾಚಾರ್ಯ ಕೂಗಿದ. ಮಂದಿ ಉಪ್ಪಿಟ್ಟಿನ ಕಡೆ ಹೊರಟರು, ನಗುವನ್ನೂ ಜೊತೆಗೆ ಒಯ್ದರು.

ಅಯ್ಯೂಬ ಸೈಕಲ್ಲಿನ ಚೀಲದಿಂದ ತಗಡಿನ ಕತ್ತರಿಯನ್ನೂ ಉಳಿಯನ್ನೂ ತಂದ. ಕಟ್ಟೆ ಹತ್ತಿ, ‘ಗೆರಿ ಹಾಕ್ರಿ’ ಎಂದು ಸೀಮೆಸುಣ್ಣ ಚಾಚಿದ. ಮೈಲಾರಪ್ಪ ಮುಚ್ಚಳದ ಮೇಲೆ ಅಂಗೈ ಇಟ್ಟ. ತಗಡು ಬಿಸಿಲಿಗೆ ಕಾದು ಹಂಚಾಗಿತ್ತು. ಕೈ ತಂತಾನೇ ಹಿಂದೆ ಬಂತು, ಅವನು ಮತ್ತೆ ಇಟ್ಟ. ಬೆಸುಗೆಯ ಒಳಅಂಚಿನಗುಂಟ ಗೆರೆ ಎಳೆದ. ‘ಸಹಿ ಮಾಡ್ಲಿ?’ ಎಂದು ಕೇಳಿದ, ಅರ್ಧ ಅಭ್ಯಾಸಕ್ಕೆ, ಅರ್ಧ ಹಾಸ್ಯಕ್ಕೆ. ಅಯ್ಯೂಬ ನಗಲಿಲ್ಲ. ‘ಸಹಿ ಬ್ಯಾಡ್ರಿ. ಕತ್ತರಸೂತನಾ ಇಲ್ಲೇ ನಿಂದರ್ರಿ, ಅಷ್ಟ ಸಾಕು.’ ಉಳಿಯ ಮೊದಲ ಏಟಿಗೆ ಇಡೀ ವಿಮಾನ ಗಂಟೆಯಂತೆ ಬಡಿದುಕೊಂಡಿತು. ಕತ್ತರಿ ಗೆರೆ ಹಿಡಿದು ಸುತ್ತು ಹಾಕಿತು, ಕೆಂಪು ತಗಡು ತನ್ನ ಪಟ್ಟಿ ಸಮೇತ ಕಳಚಿ ಕಟ್ಟೆಯ ಮೇಲೆ ಬಿದ್ದು ತಿರುಗಿ ನಿಂತಿತು. ಒಳಗಿನಿಂದ ಬಿಸಿ ಉಸಿರಿನಂಥದು ಮೈಲಾರಪ್ಪನ ಮುಖಕ್ಕೆ ಹೊಡೆಯಿತು. ಕೆಳಗೆ ಕೈನಾತ ಆ ಕಾಗದವನ್ನು ಇನ್ನೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅಯ್ಯೂಬ ಬಿದ್ದ ಮುಚ್ಚಳವನ್ನು ಎತ್ತಿ ಅವನ ಕಾಲ ಹತ್ತಿರ ಇಟ್ಟ. ‘ಎಣಸ್ರಿ’ ಎಂದ.

ಮೈಲಾರಪ್ಪ ಬಗ್ಗಿ, ನೋಡಿ, ಮುಟ್ಟಿ, ಬಾಯಿಬಿಟ್ಟು ಹೇಳಿದ. ‘ಒಂದು.’